ಬೀಳುವ ಶಾಸ್ತ್ರ

ರಾತ್ರಿ ಎಷ್ಟು ಹೊತ್ತಾಗಿತ್ತೋ, ಪಕ್ಕದ ಮನೆಯ ಹಿತ್ತಲಿನಿಂದ ‘ಬುಳುಕ್’ ಎಂದು ಒಂದು ಸಣ್ಣ ಶಬ್ದ ಕೇಳಿಸಿತು. ಅದು ಏನೆಂದು ತಿಳಿಯುವ ಮೊದಲೇ ನಾನು ಮಂಚದಿಂದ ಇಳಿದು, ಮಗಳು ಹೈಮಾಳನ್ನು ಹೊದಿಕೆ ಸಮೇತ ಎತ್ತಿಕೊಂಡು, ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆ. ನನ್ನ ಗಂಡ ಶೇಷಾದ್ರಿ ಕಣ್ಣು ಬಿಡದೆಯೇ ಹೇಳಿದರು: “ವಾರಿಜಾ, ಪಕ್ಕದ್ಮನೆ ಮೇಷ್ಟ್ರು ಡ್ರಮ್ಮಿಗೆ ಕಲ್ಲು ಹಾಕ್ತಿದಾರೆ. ಬಾ, ಮಲಕ್ಕೋ.”

ಮದುವೆಯಾಗಿ ಹತ್ತು ವರ್ಷವಾಯಿತು. ಈ ಮಾತನ್ನು ಅವರು ವಾರಕ್ಕೆ ಮೂರು ಸಲವಾದರೂ ಹೇಳುತ್ತಾರೆ. ನಾನೂ ವಾರಕ್ಕೆ ಮೂರು ಸಲ ಚಿಲಕದವರೆಗೆ ಓಡುತ್ತೇನೆ.

ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ವಾಮನಮೂರ್ತಿಯವರಿಗೆ ಏಳನೆಯ ವಯಸ್ಸಿನಲ್ಲಿ ಹೇಳಿದ್ದು ಬಾಯಾರಿದ ಕಾಗೆಯ ಕಥೆ. ಬುದ್ಧಿ ಉಪಯೋಗಿಸಿದರೆ ಎಂಥ ಕಷ್ಟವೂ ಪರಿಹಾರವಾಗುತ್ತದೆ ಎಂಬುದು ಅದರ ನೀತಿ. ಬುದ್ಧಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಕಲ್ಲು ಮಾತ್ರ ಅವರಲ್ಲಿ ಉಳಿದುಕೊಂಡಿತು. ಅರ್ಧ ತುಂಬಿದ ಪಾತ್ರೆ ಕಂಡರೆ ಅವರ ಕೈ ತಡೆಯುವುದಿಲ್ಲ. ಮನೆಗೆ ನಲ್ಲಿ ಬಂದು ಹದಿನೈದು ವರ್ಷವಾದರೂ ಜೇಬಿನ ತುಂಬ ಕಲ್ಲು. ಅವರ ಹೆಂಡತಿ ಸಾರನ್ನು ಸೋಸಿಯೇ ಬಡಿಸುತ್ತಾರೆ. ನೆಂಟರು ಬಂದಾಗ ಪಾಯಸವನ್ನೂ.

ನನಗೆ ಹೇಳಿದ್ದು ಮೊಲದ ಕಥೆ. ಮರದಡಿ ಮಲಗಿದ್ದ ಮೊಲವೊಂದು ಬೆನ್ನ ಹಿಂದೆ ಕಾಯಿ ಬಿದ್ದ ಸದ್ದಿಗೆ ಆಕಾಶವೇ ಬಿತ್ತೆಂದು ಓಟ ಕಿತ್ತು, ಕಾಡಿನ ಪ್ರಾಣಿಗಳನ್ನೆಲ್ಲ ಓಡಿಸಿದ ಕಥೆ. ವಿಚಾರಿಸದೆ ಯಾವುದನ್ನೂ ನಂಬಬಾರದು ಎಂದು ಅದರ ನೀತಿ. ವಿಚಾರಿಸುವ ಭಾಗ ನನ್ನೊಳಗೆ ಇಳಿಯಲೇ ಇಲ್ಲ, ಓಡುವ ಭಾಗ ಇಳಿಯಿತು. ಇಪ್ಪತ್ತೇಳು ವರ್ಷದಿಂದ ನಾನು ಹೊರಡಲು ತಯಾರಾಗಿಯೇ ಇದ್ದೇನೆ. ಮಂಚದ ಕೆಳಗೆ ಒಂದು ಚೀಲವಿದೆ: ಎರಡು ಜೊತೆ ಬಟ್ಟೆ, ಟಾರ್ಚು, ನನ್ನ ಬಿ.ಎ. ಪದವಿ ಪತ್ರ. ಆಕಾಶ ಬಿದ್ದ ಮೇಲೆ ಪದವಿ ಪತ್ರವನ್ನು ಯಾರಿಗೆ ತೋರಿಸುತ್ತೀಯ ಎಂದು ಹೈಮಾ ಒಮ್ಮೆ ಕೇಳಿದ್ದಳು. ಆಗ ಅವಳಿಗೆ ಐದು ವರ್ಷ. ಪತ್ರ ಇನ್ನೂ ಚೀಲದಲ್ಲೇ ಇದೆ.

ನಮ್ಮೂರಿನಲ್ಲಿ ಪ್ರತಿ ಮಗುವಿಗೂ ಏಳು ತುಂಬಿದ ಮೇಲೆ ಒಂದು ಕಥೆ ಹೇಳುತ್ತೇವೆ. ಒಂದೇ ಒಂದು. ಕೋಣೆಯೊಳಗೆ ಮಗು ಮತ್ತು ಕಥೆ ಹೇಳುವವರು ಇಬ್ಬರೇ ಇರಬೇಕು. ಮೊದಲ ಪದದಿಂದ ಕೊನೆಯ ಪದದವರೆಗೆ ನಡುವೆ ಮಾತು ಬರಬಾರದು. ಮರುದಿನ ಬೆಳಗಾಗುವಷ್ಟರಲ್ಲಿ ಕಥೆ ಹತ್ತಿರುತ್ತದೆ. ಹತ್ತಿದ್ದು ಸಾಯುವವರೆಗೂ ಬಿಡುವುದಿಲ್ಲ. ಬೇರೆ ಊರುಗಳಲ್ಲಿ ಮಕ್ಕಳಿಗೆ ದಿನಕ್ಕೊಂದು ಕಥೆ ಹೇಳುತ್ತಾರಂತೆ, ಅವರಿಗೆ ಏನೂ ಆಗುವುದಿಲ್ಲವಂತೆ. ಅಂಥ ಮಕ್ಕಳ ಬಗ್ಗೆ ನಮ್ಮ ನೀತಿ ಸಮಿತಿಗೆ ಬಹಳ ಕನಿಕರ. ಪ್ರಪಂಚದಲ್ಲಿ ನಮ್ಮಷ್ಟು ನೀತಿವಂತ ಊರು ಇನ್ನೊಂದಿಲ್ಲ ಎಂದು ಸಮಿತಿ ಪ್ರತಿ ವರ್ಷ ಒಮ್ಮತದಿಂದ ನಿರ್ಣಯ ಮಾಡುತ್ತದೆ.

ನಿರ್ಣಯಕ್ಕೆ ಆಧಾರ ಕಣ್ಣೆದುರೇ ಇದೆ. ದ್ರಾಕ್ಷಿಯ ನರಿಯ ಕಥೆ ಹತ್ತಿದವರು ತಮಗೆ ಸಿಗದ್ದೆಲ್ಲ ಹುಳಿ ಎಂದು ಹೇಳಿಕೊಂಡು ತೃಪ್ತರಾಗಿದ್ದಾರೆ. ಊರಿನಲ್ಲಿ ಅಸೂಯೆಯೇ ಇಲ್ಲ, ಪ್ರಯತ್ನವೂ ಇಲ್ಲ. ಉಪ್ಪು ಹೊತ್ತು ಹೊಳೆಗೆ ಬಿದ್ದು ಹೊರೆ ಹಗುರ ಮಾಡಿಕೊಂಡ ಕತ್ತೆಯ ಕಥೆ ನನ್ನ ಗಂಡನದು. ಸೋಮಾರಿತನ ಒಳ್ಳೆಯದಲ್ಲ ಎಂದು ಕಲಿಸುವುದಕ್ಕಾಗಿ ಹೇಳಿದ್ದು. ಅವರು ಕಲಿತದ್ದೆಂದರೆ ತಲೆಯ ಮೇಲೆ ಭಾರ ಬಿದ್ದಾಗಲೆಲ್ಲ ಎದ್ದು ಹೋಗಿ ಸ್ನಾನ ಮಾಡುವುದು. ಹೈಮಾ ಹುಟ್ಟಿದ ದಿನ ಅವರು ಒಂಬತ್ತು ಸಲ ಸ್ನಾನ ಮಾಡಿದ್ದರು. ಆಸ್ಪತ್ರೆಯವರು ಕೊನೆಗೆ ಬಿಸಿನೀರು ನಿಲ್ಲಿಸಬೇಕಾಯಿತು.

ನೀತಿ ಸಮಿತಿಯ ಅಧ್ಯಕ್ಷರು ಗೋವರ್ಧನರಾಯರು. ಅವರದು ಬಣ್ಣದ ತೊಟ್ಟಿಗೆ ಬಿದ್ದು ನೀಲಿಯಾಗಿ ಕಾಡಿಗೆ ರಾಜನಾಗಿ, ಕೊನೆಗೆ ಊಳಿಟ್ಟು ಸಿಕ್ಕಿಬಿದ್ದ ನರಿಯ ಕಥೆ. ವರ್ಷವಿಡೀ ನೀಲಿ ಅಂಗಿ ಹಾಕುತ್ತಾರೆ, ಮೋಡ ಕಂಡರೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ನಾಲ್ಕು ಜನ ಒಟ್ಟಿಗೆ ದನಿ ಎತ್ತಿದರೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ಹೀಗಾಗಿ ಅವರ ಸಭೆಗಳಲ್ಲಿ ಪ್ರಾರ್ಥನೆಯನ್ನು ಒಬ್ಬರೇ ಹೇಳಬೇಕು, ವಿರೋಧವನ್ನಂತೂ ಯಾರೂ ಹೇಳಬಾರದು. ಇಪ್ಪತ್ತು ವರ್ಷದಿಂದ ಅವರೇ ಅಧ್ಯಕ್ಷರು.

ಮತ್ತು ಊರಿನ ಮಕ್ಕಳಿಗೆಲ್ಲ ಕಥೆ ಹೇಳುವವಳು ನಾನು. ನನ್ನನ್ನು ಈ ಕೆಲಸಕ್ಕೆ ಆರಿಸಿದ್ದೇ ಮೊಲದ ಕಾರಣಕ್ಕೆ. ಹೆದರುವವರು ಪದ ತಪ್ಪುವುದಿಲ್ಲ ಎಂದು ಸಮಿತಿಯ ಅಭಿಪ್ರಾಯ. ನನಗಿಂತ ಮುಂಚೆ ಇದ್ದವರು ಒಮ್ಮೆ ಕಥೆಯ ನಡುವೆ ನರಿ ಎನ್ನುವ ಕಡೆ ಕೊಕ್ಕರೆ ಎಂದುಬಿಟ್ಟರು. ಆ ಹುಡುಗ ಈಗ ನಲವತ್ತು ದಾಟಿದ್ದಾನೆ, ಉದ್ದ ಕತ್ತಿನ ಹೂಜಿಯಲ್ಲಿ ಹಾಕಿಕೊಡದಿದ್ದರೆ ಊಟ ಇಳಿಯುವುದಿಲ್ಲ. ಮದುವೆ ಮನೆಗಳಿಗೆ ಹೂಜಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಾನೆ. ಆದ್ದರಿಂದ ನಾನು ಪ್ರತಿ ಕಥೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪದ ಪದವನ್ನೂ ಮುಟ್ಟಿ ನೋಡಿ, ಆಮೇಲೆ ಬಾಯಿ ತೆರೆಯುತ್ತೇನೆ.

ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಆಮೆಯ ಕಥೆ. ಕೆರೆ ಬತ್ತಿದಾಗ ಎರಡು ಹಂಸಗಳು ಗೆಳೆಯ ಆಮೆಯನ್ನು ಬೇರೆ ಕೆರೆಗೆ ಒಯ್ಯಲು ಒಂದು ಕೋಲು ತಂದವು. ಎರಡು ತುದಿ ಹಂಸಗಳ ಕೊಕ್ಕಿನಲ್ಲಿ, ನಡುಭಾಗ ಆಮೆಯ ಬಾಯಿಯಲ್ಲಿ. ಕೆಳಗೆ ಜನ ನಕ್ಕರು. ಆಮೆ ಉತ್ತರ ಕೊಡಲು ಬಾಯಿ ತೆರೆಯಿತು, ಬಿತ್ತು, ಸತ್ತಿತು. ಅನಗತ್ಯವಾಗಿ ಮಾತಾಡಬಾರದು ಎಂಬುದು ನೀತಿ. ಈ ಕಥೆ ಹತ್ತಿದ ಹೆಂಗಸರು ನಿಂತುಕೊಂಡು ಬಾಯಿ ತೆರೆದರೆ ಬೀಳುತ್ತಾರೆ. ಬರೀ ಮಾತಿಗೆ ಹೇಳುತ್ತಿಲ್ಲ, ನಿಂತಲ್ಲೇ ಧೊಪ್ಪನೆ ನೆಲಕ್ಕೆ ಬೀಳುತ್ತಾರೆ. ಅದಕ್ಕೆ ಅವರು ನಿಂತಿರುವಷ್ಟು ಹೊತ್ತೂ ಸೆರಗಿನ ತುದಿ ಕಚ್ಚಿಕೊಂಡಿರುತ್ತಾರೆ. ಏನಾದರೂ ಹೇಳಬೇಕಾದರೆ ಮೊದಲು ನೆಲದ ಮೇಲೆ ಕೂರಬೇಕು. ಊರು ಇದಕ್ಕೆ ತಕ್ಕಂತೆ ಹೊಂದಿಕೊಂಡಿದೆ. ಪ್ರತಿ ಅಂಗಡಿಯ ಮುಂದೆ ಒಂದು ಚಾಪೆ ಹಾಸಿರುತ್ತಾರೆ, ಹೆಂಗಸರು ಕೂತು, ಕಾಲು ಕೇಜಿ ಹೆಸರುಬೇಳೆ ಎಂದು ಹೇಳಿ, ಏಳುತ್ತಾರೆ. ಬಸ್ಸಿನಲ್ಲಿ ಇಳಿಯುವ ಸ್ಟಾಪು ಹೇಳಲು ಕಂಡಕ್ಟರನ ಕಾಲ ಬಳಿ ಕೂರುತ್ತಾರೆ. ಎಷ್ಟೊಂದು ಅನುಕೂಲ ಮಾಡಿಕೊಟ್ಟಿದ್ದೇವೆ ನೋಡಿ ಎಂದು ಸಮಿತಿಯವರು ಹೇಳುತ್ತಾರೆ.

ಎರಡು ವರ್ಷದ ಕೆಳಗೆ ಹಿಂದಿನ ಬೀದಿಯ ಪದ್ಮಾಕ್ಷಿ, ಲಾರಿಗೆ ಅಡ್ಡ ಓಡುತ್ತಿದ್ದ ಮಗನನ್ನು ಹೆಸರು ಹಿಡಿದು ಕೂಗಿದಳು. ಕೂರುವಷ್ಟು ಹೊತ್ತು ಇರಲಿಲ್ಲ. ಮಗ ಉಳಿದ, ಅವಳ ಸೊಂಟದ ಮೂಳೆ ಮುರಿಯಿತು. ಕಥೆ ಎಷ್ಟು ಚೆನ್ನಾಗಿ ಹತ್ತಿದೆ ಎಂಬುದಕ್ಕೆ ಉದಾಹರಣೆಯಾಗಿ ಸಮಿತಿ ಆ ಘಟನೆಯನ್ನು ವಾರ್ಷಿಕ ವರದಿಯಲ್ಲಿ ಸೇರಿಸಿತು.

ನನಗೂ ನಮ್ಮಪ್ಪ ಆಮೆಯನ್ನೇ ಕೇಳಿದ್ದರಂತೆ. ಹೇಳುವವರು ಆ ದಿನ ಪುಸ್ತಕದಲ್ಲಿ ಒಂದು ಸಾಲು ಕೆಳಗೆ ನೋಡಿ ಮೊಲವನ್ನು ಹೇಳಿಬಿಟ್ಟರು. ಹಾಗಾಗಿ ನಾನು ಪುಣ್ಯವಂತೆ, ನಿಂತುಕೊಂಡೂ ಮಾತಾಡಬಲ್ಲೆ. ಧೈರ್ಯ ಬರುವುದಿಲ್ಲ, ಅಷ್ಟೆ.

ಶನಿವಾರ ಮಧ್ಯಾಹ್ನ ಮುಂದಿನ ವಾರದ ಪಟ್ಟಿ ನನ್ನ ಮೇಜಿಗೆ ಬಂತು. ಬುಧವಾರದ ಸಾಲಿನಲ್ಲಿ ಹೀಗಿತ್ತು: ಹೈಮವತಿ, ತಂದೆ ಶೇಷಾದ್ರಿ, ಕಥೆ ಆಮೆ.

ಹೈಮಾಳ ಬಗ್ಗೆ ಹೇಳಬೇಕು. ಅವಳು ಕಣ್ಣು ಬಿಡುವ ಮೊದಲೇ ಮಾತು ಶುರು ಮಾಡುತ್ತಾಳೆ. ಅದೂ ನೆಲದ ಮೇಲೆ ನಿಂತು ಅಲ್ಲ. ಸೀಬೆ ಮರದ ಕವಲು, ಕಾಂಪೌಂಡಿನ ಗೋಡೆ, ನೀರಿನ ಟ್ಯಾಂಕಿನ ಏಣಿ, ಎಲ್ಲಿ ಎತ್ತರವಿದೆಯೋ ಅಲ್ಲಿಂದಲೇ ಅವಳಿಗೆ ಮಾತು ಬರುವುದು. ಬೀದಿಯಲ್ಲಿ ಹೋಗುವವರನ್ನೆಲ್ಲ ಮೇಲಿನಿಂದ ವಿಚಾರಿಸಿಕೊಳ್ಳುತ್ತಾಳೆ. “ಮಾಮಾ, ನಿಮ್ಮ ಛತ್ರಿ ಮೇಲೆ ಕಾಗೆ ಕೂತಿದೆ, ಅದಕ್ಕೂ ಬಿಸಿಲಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನವರಿಗೆ ತಿರುಗುತ್ತಾಳೆ. ಈ ಮಗು ಆ ಗೋಡೆಯ ಮೇಲಿನಿಂದ ಬಾಯಿ ತೆರೆದು ಬೀಳುವುದನ್ನು ನಾನು ಶನಿವಾರದಿಂದ ಬುಧವಾರದವರೆಗೆ ದಿನಕ್ಕೆ ನೂರು ಸಲ ಕಂಡೆ.

ಮನೆಗೆ ಬಂದವಳೇ ಗಂಡನನ್ನು ಕೇಳಿದೆ. “ಏನ್ರೀ ಇದು? ಕಥೆ ಅರ್ಜಿ ಫಾರಮ್ಮಿಗೆ ನೀವು ಸಹಿ ಹಾಕಿದ್ರಾ?”

“ಅಮ್ಮ ಹಾಕು ಅಂದ್ಲು...”

“ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳೋಣ ಅಂತಾನೇ ಇದ್ದೆ.” ಅವರ ಕಣ್ಣು ಆಗಲೇ ಟವೆಲ್ಲಿನ ಕಡೆ ಹೋಗಿತ್ತು. “ಒಂದು ನಿಮಿಷ ಇರು, ಸ್ನಾನ ಮಾಡ್ಕೊಂಡು ಬಂದು ಕೂತು ಮಾತಾಡೋಣ.” ಬಚ್ಚಲಿನಿಂದ ನೀರು ಸುರಿಯುವ ಸದ್ದು ಕತ್ತಲಾಗುವವರೆಗೂ ಕೇಳಿಸುತ್ತಿತ್ತು.

ಭಾನುವಾರ ಗೋವರ್ಧನರಾಯರ ಮನೆಗೆ ಹೋದೆ. ಅವರು ಕಿಟಕಿಯಿಂದ ಆಕಾಶ ನೋಡಿ, ಆಮೇಲೆ ನನ್ನನ್ನು ನೋಡಿದರು. “ಬನ್ನಿ ಟೀಚರಮ್ಮ. ಮೋಡ ಏನಾದ್ರೂ ಇದೆಯಾ ಆ ಕಡೆ?”

“ಇಲ್ಲ ಸಾರ್. ನನ್ನ ಮಗಳ ವಿಷಯ ಮಾತಾಡೋಕೆ ಬಂದೆ. ಆ ಅರ್ಜಿಗೆ ನನ್ನ ಒಪ್ಪಿಗೆ ಇಲ್ಲ. ನನ್ನ ಸಹಿನೂ ಇಲ್ಲ.”

“ಫಾರಮ್ಮಿನಲ್ಲಿ ತಾಯಿ ಸಹಿಗೆ ಜಾಗಾನೇ ಇಲ್ವಲ್ಲಮ್ಮ, ಎಲ್ಲಿ ಮಾಡ್ತಿದ್ರಿ?”

“ಬೇರೆ ಯಾವುದಾದ್ರೂ ಕಥೆ ಕೊಡಬಹುದಲ್ಲ ಸಾರ್. ಇರುವೆ?”

“ಇರುವೆ ಈ ವರ್ಷದ್ದು ಮುಗೀತು. ಎಲ್ಲಾ ದಿನಸಿ ಅಂಗಡಿಯವರ ಮಕ್ಕಳಿಗೆ ಹೋಯ್ತು.”

“ಸಿಂಹ?”

ರಾಯರಿಗೆ ನಗು ಬಂತು. ನಗು ಊಳಿಡುವಿಕೆಗೆ ಬಹಳ ಹತ್ತಿರದ್ದಾದ್ದರಿಂದ ಗಾಬರಿಯಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಕೈ ತೆಗೆದು ಹೇಳಿದರು: “ಸಿಂಹ ಹತ್ತಿದ ಹುಡುಗೀನ ಸೊಸೆ ಅಂತ ಯಾರಮ್ಮ ಮನೆ ತುಂಬಿಸ್ಕೊಳ್ತಾರೆ? ನೋಡಿ, ನೀವೇ ಹೇಳೋರು, ನಿಮ್ಮದೇ ಮಗು. ಎಷ್ಟು ಒಳ್ಳೇ ಸಂದರ್ಭ. ತಾಯಿ ಹೇಳಬಾರದು ಅಂತ ನಿಯಮ ಎಲ್ಲೂ ಇಲ್ಲ.”

“ಅಕಸ್ಮಾತ್ ಹತ್ತಲಿಲ್ಲ ಅಂದ್ರೆ?”

“ಗುರುವಾರ ಬೀಳೋ ಶಾಸ್ತ್ರಕ್ಕೆ ನಾನೇ ಬರ್ತೀನಲ್ಲ, ಗೊತ್ತಾಗತ್ತೆ. ಹತ್ತಿಲ್ಲ ಅಂದ್ರೆ ಮಗೂನ ನಮ್ಮನೇಲಿ ಇಟ್ಕೊಂಡು, ಹತ್ತೋವರೆಗೂ ನಾನೇ ಹೇಳ್ತೀನಿ. ನೀವು ಆಮೇಲೆ ಟೀಚರಮ್ಮ ಆಗಿರೋಲ್ಲ, ಅಷ್ಟೇ.” ಇಷ್ಟು ಹೇಳಿ ಬಹಳ ಪ್ರೀತಿಯಿಂದ ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಹೊಸ್ತಿಲು ದಾಟಲಿಲ್ಲ, ಪಶ್ಚಿಮದಲ್ಲಿ ಅಂಗೈ ಅಗಲದ ಮೋಡವಿತ್ತು.

ಉಳಿದದ್ದು ನನ್ನ ಅತ್ತೆ ತುಂಗಮ್ಮ. ಅರ್ಜಿ ಅವರದೇ. ಅವರಿಗೆ ಅರವತ್ತನಾಲ್ಕು ವರ್ಷ, ಹತ್ತಿರುವುದು ಆಮೆಯ ಕಥೆ, ಮಾತೆಂದರೆ ಪ್ರಾಣ. ಮೂರೂ ಒಂದೇ ದೇಹದಲ್ಲಿ ಇರಬೇಕಾದರೆ ಇರುವುದು ಒಂದೇ ದಾರಿ: ಅವರು ನೆಲ ಬಿಟ್ಟು ಏಳುವುದೇ ಇಲ್ಲ. ಅಡುಗೆಮನೆಯ ನಡುವೆ ಈಳಿಗೆಮಣೆಯ ಮುಂದೆ ಕೂತು, ಹಾಲಿನವನಿಂದ ಹಿಡಿದು ಸಮಿತಿಯವರೆಗೆ ಎಲ್ಲರನ್ನೂ ಅಲ್ಲಿಂದಲೇ ನಡೆಸುತ್ತಾರೆ. ನಾನು ಅವರ ಎದುರು ಕೂತೆ.

“ಅತ್ತೆ, ಆ ಅರ್ಜಿ ವಾಪಸ್ ತಗೊಳ್ಳಿ.”

“ಯಾಕೆ? ಹೀರೇಕಾಯಿ ಸಿಪ್ಪೆ ಬಿಸಾಡ್ಬೇಡ, ಚಟ್ನಿಗೆ ಬೇಕು. ಯಾಕೆ ತಗೋಬೇಕು?”

“ಅವಳು ಮಾತಾಡೋ ಮಗು ಅತ್ತೆ.”

“ನಾನೇನು ಮೂಗಿಯಾ? ಐವತ್ತೇಳು ವರ್ಷದಿಂದ ಮಾತಾಡ್ತಾನೇ ಇದೀನಿ. ಕೂತ್ಕೊಂಡು ಮಾತಾಡಿದ್ರೆ ಮಾತು ಸವೆದು ಹೋಗತ್ತಾ?”

“ನೀವು ಬಿದ್ದೇ ಇಲ್ವಾ?”

“ಶಾಸ್ತ್ರದ ದಿನ ಬಿದ್ದಿದ್ದೇ ಕೊನೆ. ಎದ್ದು ಮಾತಾಡಿದ್ರೆ ತಾನೆ ಬೀಳೋದು.” ಅವರು ಹೀರೇಕಾಯಿಯನ್ನು ಪಕ್ಕಕ್ಕಿಟ್ಟರು. “ನೋಡು, ನೀನು ಓದಿದೋಳು. ಆ ಹುಡುಗಿ ಗೋಡೆ ಮೇಲೆ ನಿಂತು ಬೀದಿಗೆಲ್ಲ ಮಾತಾಡತ್ತೆ. ಇವತ್ತು ಏಳು ವರ್ಷ, ಎಲ್ಲಾರೂ ನಗ್ತಾರೆ. ನಾಳೆ ಹದಿನೇಳು. ಮಾತಾಡೋ ಹುಡುಗೀನ ಜನ ಬೀಳಿಸ್ತಾರೆ ವಾರಿಜಾ. ಕಥೆ ಬೀಳ್ಸೋದಾದ್ರೆ ಮುಂಚೇನೇ ಚಾಪೆ ಹಾಕ್ಕೋಬಹುದು. ಜನ ಬೀಳ್ಸಿದ್ರೆ ಎಲ್ಲಿ ಹಾಕ್ತೀಯ ಚಾಪೆ?”

ನಾನು ಹೀರೇಕಾಯಿ ಸಿಪ್ಪೆಯನ್ನು ಒಟ್ಟು ಮಾಡಿದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಹೋಗಿದ್ದೆ. ಅದೂ ಆಗಲಿಲ್ಲ.

ಬುಧವಾರ ಹೈಮಾ ಹಳದಿ ಲಂಗ ಹಾಕಿಕೊಂಡು ನನ್ನ ಕೈ ಹಿಡಿದು ಬಂದಳು. ಕಥೆಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಗಂಟೆ, ಒಂದು ರಿಜಿಸ್ಟರು ಬಿಟ್ಟರೆ ಬೇರೇನಿಲ್ಲ. ಗೋಡೆಯ ಮೇಲೆ ಪ್ರಾಣಿಗಳ ಚಿತ್ರ ಇರಬಾರದು, ಮಗುವಿನ ಗಮನ ಬೇರೆ ಪ್ರಾಣಿಯ ಕಡೆ ಹೋಗುತ್ತದೆ ಎಂದು. ನಾನು ಬಾಗಿಲು ಹಾಕಿದೆ. ನೋಟ್‌ಬುಕ್ಕು ತೆರೆದೆ.

“ಇಲ್ಲಿ ನಿನ್ನ ಅಮ್ಮ ಅನ್ನಬೇಕಾ, ಟೀಚರ್ ಅನ್ನಬೇಕಾ?”

“ಏನೂ ಅನ್ನಬಾರದು. ಸುಮ್ಮನೆ ಕೇಳಬೇಕು.” ನಾನು ಶುರು ಮಾಡಿದೆ. “ಒಂದು ಕೆರೆಯಲ್ಲಿ ಒಂದು ಆಮೆಯೂ ಎರಡು ಹಂಸಗಳೂ ಸ್ನೇಹದಿಂದ ಬಾಳುತ್ತಿದ್ದವು. ಒಂದು ವರ್ಷ ಮಳೆ ಬರಲಿಲ್ಲ. ಕೆರೆ ಬತ್ತತೊಡಗಿತು...”

“ಮೀನು?”

“ಏನು?”

“ಕೆರೇಲಿ ಮೀನು ಇರ್ತಾವಲ್ಲ. ಅವನ್ನ ಯಾರು ಎತ್ಕೊಂಡು ಹೋದ್ರು?”

ಮಗು ಮಾತಾಡಿದರೆ ಮೊದಲಿನಿಂದ ಹೇಳಬೇಕು. ಸಾಮಾನ್ಯವಾಗಿ ಆ ಸಂದರ್ಭ ಬರುವುದಿಲ್ಲ, ಮಕ್ಕಳು ಹೆದರಿರುತ್ತಾರೆ. ಎರಡನೆಯ ಸಲ ಅವಳು ಕೋಲು ಯಾವ ಮರದ್ದೆಂದು ಕೇಳಿದಳು. ಮೂರನೆಯ ಸಲ, ಹಂಸಗಳಿಗೆ ಮಾತು ಬಂದರೆ ಕೋಲು ಬೀಳುವುದಿಲ್ಲವೇ, ಅವುಗಳಿಗೆ ಯಾಕೆ ಯಾರೂ ಬುದ್ಧಿ ಹೇಳಲಿಲ್ಲ ಎಂದಳು. ನಾಲ್ಕನೆಯ ಸಲ ಕೋಲು ಊರಿನ ಮೇಲೆ ಹೋಗುವವರೆಗೆ ತಡೆದುಕೊಂಡಳು.

“ಜನ ಯಾಕಮ್ಮ ನಕ್ಕರು?”

“ಆಮೆ ಹಾರೋದು ನೋಡಿ.”

“ಆಮೆ ಹಾರಿದ್ರೆ ಚಪ್ಪಾಳೆ ಹೊಡೀಬೇಕು ತಾನೆ? ಆ ಜನಕ್ಕೆ ಚಿಕ್ಕೋರಿದ್ದಾಗ ಕಥೆ ಹೇಳಿರ್ಲಿಲ್ವಾ?”

ಹೊರಗೆ ಯಾರೋ ಕೆಮ್ಮಿದರು. ಸಮಿತಿಯ ಜವಾನ ಇರಬೇಕು. ನನ್ನ ಕಾಲುಗಳು ಕುರ್ಚಿಯ ಕೆಳಗೆ ಓಡಲು ತಯಾರಾಗಿ ನಿಂತವು. “ಹೈಮಾ,” ಎಂದು ಗದರಿದೆ, “ಇನ್ನೊಂದು ಸಲ ಬಾಯಿ ಬಿಟ್ಟರೆ ನೋಡು. ಅಮ್ಮನ ಕೆಲಸ ಹೋಗತ್ತೆ.” ಅವಳನ್ನು ನಾನು ಹಾಗೆ ಗದರಿದ್ದು ಕಡಿಮೆ. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ನೆಟ್ಟಗೆ ಕೂತಳು.

ಐದನೆಯ ಸಲ ಹೇಳಿದೆ. ಕೆರೆ ಬತ್ತಿತು, ಮೀನಿನ ಬಗ್ಗೆ ಮಾತಿಲ್ಲ. ಕೋಲು ಬಂತು, ಹಂಸಗಳು ಹಾರಿದವು, ಜನ ನಕ್ಕರು, ಮಾತಿಲ್ಲ. ಆಮೆ ಬಾಯಿ ತೆರೆಯಿತು. ಇನ್ನು ಒಂದೇ ವಾಕ್ಯ ಉಳಿದಿತ್ತು. ಪದ ಸರಿಯಾಗಿದೆಯೇ ಎಂದು ನೋಟ್‌ಬುಕ್ಕು ನೋಡಿ, ತಲೆ ಎತ್ತಿದೆ. ಹೈಮಾ ತುಟಿಗಳನ್ನು ಒಳಕ್ಕೆ ಎಳೆದು ಹಲ್ಲಿನಿಂದ ಕಚ್ಚಿಕೊಂಡಿದ್ದಳು. ತುಟಿಯ ಸುತ್ತ ಬಿಳಿಚಿಕೊಂಡಿತ್ತು. ಒಳಗೆ ಎಷ್ಟು ಪ್ರಶ್ನೆಗಳು ತುಂಬಿದ್ದವೋ, ಕೆನ್ನೆ ಉಬ್ಬಿ, ಕಣ್ಣಲ್ಲಿ ನೀರು ಬಂದಿತ್ತು. ಕಥೆ ಇನ್ನೂ ಮುಗಿದಿರಲಿಲ್ಲ. ಕಥೆ ಮಾಡಬೇಕಾದ್ದನ್ನು ಅದಕ್ಕಿಂತ ಮುಂಚೆಯೇ ನಾನು ಮಾಡಿ ಮುಗಿಸುತ್ತಿದ್ದೆ.

ನೋಟ್‌ಬುಕ್ಕು ಮುಚ್ಚಿದೆ.

“ಮುಗೀತಾ?” ಬಾಯಿ ಬಿಟ್ಟ ಕೂಡಲೇ ಅವಳು ಉಸಿರು ದಬ್ಬಿದಳು. “ಆಮೆ ಏನಾಯ್ತು?”

“ಗೊತ್ತಿಲ್ಲ.”

“ಉತ್ತರ ಹೇಳ್ತಾ ಹೇಳ್ತಾ ಕೆಳಗೆ ಬಂದಿರತ್ತೆ,” ಎಂದು ಅವಳೇ ತೀರ್ಮಾನ ಮಾಡಿ, ಮೀನುಗಳಿಗೆ ತಾನಾಗಿದ್ದರೆ ಎಂಥ ವ್ಯವಸ್ಥೆ ಮಾಡುತ್ತಿದ್ದೆ ಎಂದು ಹೇಳತೊಡಗಿದಳು. ಬಿಂದಿಗೆ, ಬಕೆಟ್ಟು, ಊರಿನ ಹಂಸಗಳೆಲ್ಲ ಅದರಲ್ಲಿದ್ದವು. ಅದು ಮುಗಿಯುವವರೆಗೆ ಕೇಳಿ, ಗಂಟೆ ಬಾರಿಸಿ, ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಹೇಳಿದೆ’ ಎಂದು ಬರೆದು ಸಹಿ ಹಾಕಿದೆ. ಒಂದು ಪದವನ್ನೂ ತಪ್ಪದವಳೆಂದು ಹೆಸರಾದ ನಾನು ಬರೆದ ಮೊದಲ ಸುಳ್ಳು ಅದು. ಅಕ್ಷರ ಮಾತ್ರ ದುಂಡಗೆ ಬಂದಿತ್ತು.

ಆದರೆ ಗುರುವಾರ ಇತ್ತಲ್ಲ. ಕಥೆ ಹತ್ತಿದೆಯೋ ಇಲ್ಲವೋ ಎಂದು ನೋಡಲು ಒಂದೊಂದು ಕಥೆಗೆ ಒಂದೊಂದು ಪರೀಕ್ಷೆಯಿದೆ. ಕಾಗೆಯ ಮಕ್ಕಳ ಮುಂದೆ ಅರ್ಧ ಕೊಡ ನೀರಿಡುತ್ತಾರೆ. ಆಮೆಯ ಹುಡುಗಿಯರನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹೆಸರು ಕೇಳುತ್ತಾರೆ. ಹೆಸರು ಹೇಳಿ ಬಿದ್ದರೆ ಊರಿನವಳಾದಳು. ಕೆಳಗೆ ಹಾಸಿಗೆ ಹಾಸಿರುತ್ತಾರೆ, ನಾವೇನು ಕಟುಕರಲ್ಲ. ಹೆಸರು ಕೇಳುವುದು ಮನೆಯ ಹಿರಿಯ ಹೆಂಗಸು. ಸಮಿತಿಯ ಗಂಡಸರು ಜಗಲಿಯಲ್ಲಿ ಕೂತು ಸದ್ದು ಮಾತ್ರ ಕೇಳಿಸಿಕೊಳ್ಳುತ್ತಾರೆ. ಹೆಣ್ಣುಮಗು ಬೀಳುವುದನ್ನು ಗಂಡಸರು ನೋಡಬಾರದಂತೆ. ನಮ್ಮೂರಿನ ಗಂಡಸರ ಸಂಕೋಚ ಅಷ್ಟು ದೊಡ್ಡದು.

ಸಂಜೆ ಅತ್ತೆಗೆ ಕಾಣದಂತೆ ಮಲಗುವ ಕೋಣೆಯಲ್ಲಿ ಹೈಮಾಳಿಗೆ ಬೀಳಲು ಕಲಿಸಿದೆ. ಹೆಸರು ಹೇಳು, ಬೀಳು, ಇಷ್ಟೇ. ಇದಕ್ಕಿಂತ ಒಳ್ಳೆಯ ಆಟವನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮಂಚದ ಮೇಲಿನಿಂದ ಮೂವತ್ತು ಸಲ ಬಿದ್ದಳು. ಅಂಗಾತ ಬಿದ್ದಳು, ಮಗ್ಗುಲಾಗಿ ಬಿದ್ದಳು, ತಿರುಗಿ ಬಿದ್ದಳು. “ಈಗ ಚೆನ್ನಾಗಿ ಬಿದ್ನಾ? ಇದಕ್ಕೆ ಎಷ್ಟು ಮಾರ್ಕ್ಸು?” ಎಂದು ನಡುವೆ ಕೇಳುತ್ತಿದ್ದಳು. ನೂರಕ್ಕೆ ನೂರು ಕೊಟ್ಟು ಮಲಗಿಸಿದೆ.

ಗುರುವಾರ ಆಕಾಶ ನಿರ್ಮಲವಾಗಿತ್ತು. ರಾಯರು ಒಗೆದ ನೀಲಿ ಅಂಗಿ ತೊಟ್ಟು, ಇಬ್ಬರು ಸದಸ್ಯರೊಡನೆ ಬಂದು ಜಗಲಿಯಲ್ಲಿ ಕೂತರು. ಶೇಷಾದ್ರಿ ಆರು ಗಂಟೆಯಿಂದ ಬಚ್ಚಲಿನಲ್ಲಿದ್ದರು. ಒಳಗೆ ನಡುಮನೆಯ ಬಾಗಿಲು ಹಾಕಿಕೊಂಡು ನಾವು ಮೂವರು. ಹಾಸಿಗೆಯ ಆ ಕಡೆ ಅತ್ತೆ ನೆಲದ ಮೇಲೆ ಕೂತಿದ್ದರು, ನಾನು ಗೋಡೆಗೆ ಒರಗಿ ನಿಂತಿದ್ದೆ, ಹೈಮಾ ಸ್ಟೂಲು ಹತ್ತಿದಳು.

“ನಿನ್ನ ಹೆಸರೇನಮ್ಮ?” ಅತ್ತೆ ಶಾಸ್ತ್ರದ ದನಿಯಲ್ಲಿ ಕೇಳಿದರು.

“ಹೈಮವತಿ.”

ಯಾರೂ ಬೀಳಲಿಲ್ಲ. ಹೈಮಾ ಕುತೂಹಲದಿಂದ ಅಜ್ಜಿಯ ತಲೆಯನ್ನೇ ನೋಡುತ್ತಿದ್ದಳು. “ಅಜ್ಜೀ, ಮೇಲಿಂದ ನಿನ್ನ ಬೈತಲೆ ದಾರಿ ತರ ಕಾಣ್ಸತ್ತೆ! ಎರಡೂ ಕಡೆ ಬಿಳೀ ಹುಲ್ಲು! ನಿನಗೆ ಗೊತ್ತಿತ್ತಾ?” ಆಮೇಲೆ ಅವಳಿಗೆ ನೆನಪಾಯಿತು. ನನ್ನ ಕಡೆ ತಿರುಗಿ, ಮಕ್ಕಳು ಗುಟ್ಟು ಹೇಳುವ ರೀತಿಯಲ್ಲಿ, ಎಂದರೆ ಇಡೀ ಕೋಣೆಗೆ ಕೇಳಿಸುವಂತೆ ಪಿಸುಗುಟ್ಟಿದಳು: “ಅಯ್ಯೋ ಅಮ್ಮ, ಮರೆತೇಹೋಯ್ತು. ಈಗ ಬೀಳ್ಲಾ?”

ಅತ್ತೆ ನನ್ನನ್ನು ನೋಡಿದರು. ಹಿಂದಿನ ಬಾಗಿಲು ಎಷ್ಟು ಹೆಜ್ಜೆ, ಮಗುವನ್ನು ಎತ್ತಿಕೊಂಡರೆ ಎಷ್ಟು ಹೆಜ್ಜೆ, ಎಂಟೂವರೆಯ ಬಸ್ಸು ಹೊರಟಿದೆಯೋ ಇಲ್ಲವೋ, ಎಲ್ಲವೂ ನನ್ನ ತಲೆಯಲ್ಲಿ ಒಮ್ಮೆಗೇ ಓಡಿದವು. ಕಾಲು ಮಾತ್ರ ಕದಲಲಿಲ್ಲ. ಅತ್ತೆ ಮತ್ತೆ ಮಗುವಿನ ಕಡೆ ತಿರುಗಿ, ಅವಳ ಬರಿಗಾಲನ್ನು, ಸ್ಟೂಲನ್ನು, ತೆರೆದೇ ಇದ್ದ ಬಾಯನ್ನು ಒಂದೊಂದಾಗಿ ನೋಡಿದರು. ಯಾರೂ ಅವರೊಡನೆ ಅಷ್ಟು ಮೇಲಿನಿಂದ ಮಾತಾಡಿರಲಿಲ್ಲವೇನೋ. ನೆತ್ತಿಯ ಮೇಲೆ ಕೈ ಆಡಿಸಿಕೊಂಡರು.

ಜಗಲಿಯಿಂದ ರಾಯರ ದನಿ ಬಂತು. “ತುಂಗಮ್ಮನೋರೆ, ಸದ್ದೇ ಕೇಳಿಸ್ಲಿಲ್ವಲ್ಲ. ಮಗು ಬಿತ್ತಾ? ಇಲ್ಲಾಂದ್ರೆ ಹೇಳಿ, ಸಂಕೋಚ ಬೇಡ. ಜೊತೇಲಿ ಕರ್ಕೊಂಡೇ ಹೋಗ್ತೀವಿ.”

ಅತ್ತೆ ಎರಡೂ ಕೈ ನೆಲಕ್ಕೆ ಊರಿ, ಮಂಡಿಗಳನ್ನು ಒಂದಾದ ಮೇಲೊಂದು ಎತ್ತಿ, ಎದ್ದು ನಿಂತರು. ನಿಂತಾಗ ಕಚ್ಚಿಕೊಳ್ಳಬೇಕಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ನಿಂತಾಗ ಅವರು ನನಗಿಂತ ಎತ್ತರ ಎಂಬುದು ಹತ್ತು ವರ್ಷ ಒಂದೇ ಮನೆಯಲ್ಲಿದ್ದ ನನಗೆ ಆಗ ಗೊತ್ತಾಯಿತು. ಅವರು ಎದೆ ತುಂಬ ಉಸಿರು ತೆಗೆದುಕೊಂಡರು.

“ಬಿದ್ಲು ರಾಯರೇ!”

ಬೀದಿಯ ಕೊನೆಗೆ ಕೇಳಿಸುವ ದನಿ. ಆ ದನಿ ಗೋಡೆಗೆ ತಾಗುವಷ್ಟರಲ್ಲಿ ಅವರ ಕಾಲು ತಪ್ಪಿತು. ಹಾಸಿಗೆ ಇದ್ದದ್ದು ಮಗುವಿನ ಅಳತೆಗೆ. ಅರ್ಧ ದೇಹ ಅದರ ಮೇಲೆ, ಅರ್ಧ ನೆಲದ ಮೇಲೆ ಬಿತ್ತು. ಕಿಟಕಿಯ ಸರಳುಗಳು ಅದುರಿದವು.

“ಭಲೇ!” ಹೊರಗೆ ರಾಯರು ಸಂತೋಷಪಟ್ಟರು. “ಏಳು ವರ್ಷದ ಮಗು ಎಂಥಾ ತೂಕವಾಗಿ ಬಿತ್ತು ನೋಡಿ. ಟೀಚರಮ್ಮ, ಕಥೆ ಬಹಳ ಗಟ್ಟಿಯಾಗಿ ಹೇಳಿದೀರಿ.” ಸದಸ್ಯರಲ್ಲೊಬ್ಬರು ಹಾಗೆ ಬರೆದುಕೊಂಡ ಸದ್ದೂ ಕೇಳಿಸಿತು. ಹೈಮಾ ಸ್ಟೂಲಿನ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಓಡಿಹೋಗಿ ಅತ್ತೆಯನ್ನು ಎತ್ತಲು ಬಾಗಿದೆ. ಅವರು ಬೇಡವೆಂದು ತಲೆಯಾಡಿಸಿ, “ಕಾಫಿ ಕೊಟ್ಟು ಕಳಿಸು ಅವರನ್ನ,” ಎಂದು ಮೆಲ್ಲಗೆ ಹೇಳಿದರು. “ನಗ್ತಾ ಕೊಡು.”

ಕೊಟ್ಟೆ. ನಕ್ಕೆನೋ ಇಲ್ಲವೋ ನೆನಪಿಲ್ಲ. ಅವರು ಹೋದ ಮೇಲೆ ಒಳಗೆ ಬಂದರೆ, ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಬಲ ಮಣಿಕಟ್ಟು ಬಳೆ ಹೂತುಹೋಗುವಷ್ಟು ಬಾತಿತ್ತು. ಹೈಮಾ ಅವರ ತೊಡೆಗೆ ಅಂಟಿ ಕೂತಿದ್ದಳು. “ನೀನ್ಯಾಕಜ್ಜಿ ಬಿದ್ದೆ?” ಎಂದು ಕೇಳುತ್ತಿದ್ದಳು. “ಬೀದೀಲಿ ಹೋಗುವಾಗ ಕೂತ್ಕೊಂಡು ಮಾತಾಡೋದು ಹೇಗೆ ಅಂತ ನಾಳೆಯಿಂದ ಹೇಳ್ಕೊಡ್ತೀನಿ,” ಎನ್ನುತ್ತಿದ್ದರು ಅತ್ತೆ. “ಚೆನ್ನಾಗಿ ಕಲೀಬೇಕು. ಮನೆ ಬಾಗಿಲು ಹಾಕಿದ ಮೇಲೆ ಎಲ್ಲಿ ಬೇಕಾದ್ರೂ ಹತ್ತು.”

ಶೇಷಾದ್ರಿ ತಲೆ ಒರೆಸಿಕೊಳ್ಳುತ್ತ ಬಂದು ಅವರ ಕೈ ನೋಡಿ ಬೆಚ್ಚಿದರು. “ಏನಮ್ಮಾ ಇದು?”

“ಒಗೆಯೋ ಕಲ್ಲಿನ ಹತ್ರ ಜಾರ್ದೆ ಕಣೋ.”

ಒಗೆಯುವ ಕಲ್ಲು ಬಚ್ಚಲಿನ ಬಾಗಿಲಿಗೇ ಇದೆ, ಬೆಳಗಿನಿಂದ ಅಲ್ಲಿದ್ದವರು ಶೇಷಾದ್ರಿಯೇ. ಅವರು ನನ್ನ ಕಡೆ ನೋಡಿದರು. ನಾನು ಬಳೆ ಬಿಡಿಸಲು ಸೋಪಿನ ನೀರು ತರುತ್ತೇನೆಂದು ಹೋದೆ.

ಬಂದು ಅತ್ತೆಯ ಎದುರು ಕೂತು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಳೆಯನ್ನು ನಿಧಾನವಾಗಿ ಜಾರಿಸತೊಡಗಿದೆ. ಹತ್ತಿರ ಯಾರೂ ಇಲ್ಲದಾಗ ಕೇಳಿದೆ: “ಅತ್ತೆ, ನೀವು ಯಾಕೆ...”

“ಯಾಕೆ ಏನು? ನೀರು ಚೆಲ್ಲಿತ್ತು, ಜಾರ್ದೆ.”

“ನಾನು ಅಲ್ಲೇ ನಿಂತಿದ್ದೆ.”

“ನಿಂತಿದ್ದೆ. ಆದ್ರೂ ನಿನಗೂ ಅದೇ, ಒಗೆಯೋ ಕಲ್ಲೇ,” ಎಂದರು ಅತ್ತೆ. ಬಳೆ ಮಣಿಕಟ್ಟು ದಾಟುವಾಗ ಅವರು ಮುಖ ಕಿವುಚಿದರು. “ಸಾಯೋವರೆಗೂ ಯಾರಿಗೂ ಬೇರೆ ಏನೂ ಹೇಳೋಳಲ್ಲ ನಾನು. ಇನ್ನೊಂದು ಬಳೇನೂ ತೆಗಿ.”